ಟರ್ಕಿ ಕೋಳಿಯ ಬೇಟೆಗೆ ತಾರೀಖು ಇಡುವುದು ಹೇಗೆ?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ ಕಲಿಸುವವಳು ಹಕ್ಕಿಯ ವಿಷಯ ಮಾತನಾಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಇದು ಶುರುವಾದದ್ದು ಒಂದು ಶಬ್ದದಿಂದಲೇ. ಟರ್ಕಿ ಕೋಳಿಗೆ ಉರ್ದುವಿನಲ್ಲಿ ‘ಫೀಲ್ ಮುರ್ಗ್’ ಎನ್ನುತ್ತಾರೆ, ಅಂದರೆ ಆನೆಕೋಳಿ. ಅರಬ್ಬಿಯಲ್ಲಿ ಅದು ‘ದೀಕ್ ರೂಮಿ’, ರೂಮ್ ದೇಶದ ಹುಂಜ. ಇಂಗ್ಲಿಷರು ಅದನ್ನು ತುರ್ಕಿಯವರ ತಲೆಗೆ ಕಟ್ಟಿದರು; ತುರ್ಕಿಯವರೋ ‘ಹಿಂದಿ’ ಎಂದು ಕರೆದು ನಮ್ಮ ತಲೆಗೆ ಕಟ್ಟಿದ್ದಾರೆ. ಪಾಪ, ಅದರ ತವರು ಉತ್ತರ ಅಮೆರಿಕ. ಇದನ್ನು ತರಗತಿಯಲ್ಲಿ ಹೇಳುತ್ತಾ, ಅಲ್ಲಿ ಕಾಡು ಟರ್ಕಿಗಳನ್ನು ವಸಂತಕಾಲದಲ್ಲಿ, ಅವು ಜೋಡಿಯಾಗುವ ಸಮಯದಲ್ಲೇ ಬೇಟೆಯಾಡುತ್ತಾರೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಮೊಟ್ಟೆ ಇಡುವ ಕಾಲದಲ್ಲೇ ಹೊಡೆದರೆ ಸಂತತಿ ಉಳಿಯುವುದು ಹೇಗೆ?” ಎಂದು ಕೇಳಿದ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆ ಸಹಜವಾದದ್ದೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ಮೀನು ಮರಿ ಮಾಡಲಿ ಎಂಬುದು ಅದರ ಒಂದು ಮುಖ್ಯ ಉದ್ದೇಶ. ಬೇಟೆಗೂ ಕಾಲಕ್ಕೂ ನಂಟಿದೆ ಎಂಬುದು ನಮಗೆ ಹೊಸದಲ್ಲ. ಇಹ್ರಾಮಿನಲ್ಲಿರುವ ಹಾಜಿಗೆ ನೆಲದ ಮೇಲಿನ ಬೇಟೆ ನಿಷಿದ್ಧ ಎಂಬುದು ಇಲ್ಲಿರುವ ಮಕ್ಕಳಿಗೂ ಗೊತ್ತು. ಹಾಗಾದರೆ ಅಮೆರಿಕದವರದು ತಲೆಕೆಳಗಾದ ಲೆಕ್ಕವೇ?

ಅಲ್ಲ. ಆದರೆ ಅದು ತಿಳಿಯಬೇಕಾದರೆ ಹಕ್ಕಿಯ ದಿನಚರಿ ತಿಳಿಯಬೇಕು.

ಒಂದು ಕಾಲಕ್ಕೆ ಅಂಕೆಯಿಲ್ಲದ ಬೇಟೆ ಮತ್ತು ಕಾಡುನಾಶದಿಂದ ಈ ಹಕ್ಕಿ ಅನೇಕ ರಾಜ್ಯಗಳಲ್ಲಿ ಪೂರ್ತಿ ಅಳಿದುಹೋಗಿತ್ತು. 1937ರಲ್ಲಿ ಅಮೆರಿಕ ಸರ್ಕಾರ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಡುವ ಕಾನೂನು ತಂದಿತು. ಉಳಿದಿದ್ದ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. ಮಿಸ್ಸೂರಿ ರಾಜ್ಯದಲ್ಲಿ 1960ರಲ್ಲಿ ಮತ್ತೆ ಬೇಟೆಗೆ ಅನುಮತಿ ಕೊಟ್ಟಾಗ ಅದು ಕೇವಲ 3 ದಿನದ್ದು. ಈ ಶತಮಾನದ ಆರಂಭದ ವೇಳೆಗೆ ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿವೆ ಎಂದು ಅಂದಾಜಿಸಲಾಯಿತು.

ಈಗ ದಿನಚರಿಗೆ ಬರೋಣ. ಹಗಲು ಉದ್ದವಾಗುತ್ತಾ ಬಂದಂತೆ ಟರ್ಕಿಗೆ ಸಂತಾನದ ಕಾಲ ಬರುತ್ತದೆ. ನಮ್ಮ ರಮಝಾನ್ ಚಂದ್ರನನ್ನು ಅನುಸರಿಸಿ ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ; ಟರ್ಕಿಯ ಲೆಕ್ಕ ಸೂರ್ಯನದು, ಆದ್ದರಿಂದ ವರ್ಷವರ್ಷಕ್ಕೆ ಹೆಚ್ಚು ಜರುಗುವುದಿಲ್ಲ. ಹಾಗಾಗಿಯೇ ಬೇಟೆಗೆ ತಾರೀಖು ಗೊತ್ತುಮಾಡಲು ಸಾಧ್ಯ. ದಕ್ಷಿಣದ ಫ್ಲಾರಿಡಾದಲ್ಲಿ ಮಾರ್ಚ್ ತಿಂಗಳಲ್ಲೇ ಬೇಟೆ ಶುರುವಾದರೆ, ಉತ್ತರದ ಮೇನ್ ರಾಜ್ಯದಲ್ಲಿ ಅದಕ್ಕೆ ಮೇ ಆರಂಭದ ಆಸುಪಾಸಿನವರೆಗೆ ಕಾಯಬೇಕು.

ಚಳಿಗಾಲದ ಹಿಂಡು ಒಡೆದಾಗ ಹುಂಜಗಳು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಗಂಟಲು ಉಬ್ಬಿಸಿ ಕೂಗತೊಡಗುತ್ತವೆ. ಹೇಂಟೆಗಳು ಕೂಗು ಕೇಳಿ ಅವುಗಳ ಬಳಿಗೆ ಹೋಗುತ್ತವೆ. ಕೂಡಿದ ಮೇಲೆ ಹೇಂಟೆ ನೆಲದ ಮೇಲೆ, ಹುಲ್ಲು ಪೊದೆಗಳ ಮರೆಯಲ್ಲಿ ಗೂಡು ಮಾಡಿ, ಸುಮಾರು ದಿನಕ್ಕೊಂದರಂತೆ 10-12 ಮೊಟ್ಟೆ ಇಡುತ್ತದೆ. ಆಮೇಲೆ 28 ದಿನ ಕಾವು. ಹುಂಜ ಕಾವು ಕೂರುವುದಿಲ್ಲ, ಮರಿ ಸಾಕುವುದಿಲ್ಲ. ಇನ್ನೊಂದು ಸೋಜಿಗವೆಂದರೆ, ಹೇಂಟೆ ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ತನ್ನ ದೇಹದಲ್ಲಿ ಹಲವು ವಾರ ಕಾಪಿಟ್ಟುಕೊಳ್ಳಬಲ್ಲದು. ಹೇಂಟೆಗಳೆಲ್ಲ ಕಾವು ಕೂತ ಮೇಲೆ ಹುಂಜಗಳು ಒಂಟಿಯಾಗಿ ಮತ್ತೊಮ್ಮೆ ಜೋರಾಗಿ ಕೂಗುತ್ತವೆ. ಬೇಟೆಗಾರ ಹೇಂಟೆಯ ದನಿ ಅನುಕರಿಸಿ ಕರೆದರೆ ಮೋಸಹೋಗಿ ಬರುವುದು ಹೆಚ್ಚಾಗಿ ಆಗಲೇ.

ಹಳೆಯ ನಿಯಮ ಹುಟ್ಟಿದ್ದು ಇದರಿಂದ. ವಸಂತದ ಬೇಟೆ ಹುಂಜಗಳಿಗೆ ಮಾತ್ರ. ಅದೂ ಹೆಚ್ಚಿನ ಹೇಂಟೆಗಳು ಕಾವು ಕೂತ ಮೇಲೆ. ಆಗ ಹೇಂಟೆಗೆ ಆಕಸ್ಮಿಕವಾಗಿ ಗುಂಡು ತಗಲುವ ಭಯ ಕಡಿಮೆ, ಹುಂಜದ ಕೆಲಸವೂ ಮುಗಿದಿರುತ್ತದೆ. ಪೆನ್ಸಿಲ್ವೇನಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೂಡಿನ ಹೇಂಟೆಗೆ ತೊಂದರೆಯಾಗದಿರಲೆಂದು ಬೇಟೆಗಾಲದ ಮೊದಲರ್ಧದಲ್ಲಿ ಮಧ್ಯಾಹ್ನ ಹನ್ನೆರಡಕ್ಕೇ ಬೇಟೆ ನಿಲ್ಲಿಸುತ್ತಾರೆ.

ಆದರೆ ಎಲ್ಲ ಕಡೆ ತಾರೀಖು ಹಕ್ಕಿಗೆ ಹೊಂದಲಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಬೇಟೆ ಮೊಟ್ಟೆಗಿಂತ ಮೊದಲೇ ಶುರುವಾಗುತ್ತಿತ್ತು. ಅಲ್ಲಿ ಇತ್ತೀಚಿನ ದಶಕಗಳಲ್ಲಿ ಹೇಂಟೆಯ ಹಿಂದೆ ಕಾಣುವ ಮರಿಗಳ ಸಂಖ್ಯೆ ಕುಸಿಯುತ್ತಾ ಬಂತು. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕಲ್ ಚೇಂಬರ್ಲೇನ್ ಮುಂತಾದ ವಿಜ್ಞಾನಿಗಳು ಒಂದು ಶಂಕೆ ಮುಂದಿಟ್ಟರು: ಗುಂಪಿನ ಯಜಮಾನ ಹುಂಜವನ್ನು ಬೇಗನೆ ಹೊಡೆದರೆ ಹೇಂಟೆಗಳ ಕೂಡುವಿಕೆ ತಡವಾಗಿ, ಗೂಡುಗಳೂ ತಡವಾಗುತ್ತವೆಯೇ? ತಡವಾದ ಗೂಡಿಗೆ ಅಪಾಯ ಹೆಚ್ಚೇ? ಇದನ್ನು ಕೇಳಿದ ಯಾರಿಗೂ ‘ಹೌದಲ್ಲ’ ಅನ್ನಿಸುತ್ತದೆ, ನನಗೂ ಅನ್ನಿಸಿತು. 2022ರಲ್ಲಿ ಜಾರ್ಜಿಯಾ ಬೇಟೆಯ ಆರಂಭವನ್ನು ಏಪ್ರಿಲ್ ಮೊದಲ ಶನಿವಾರಕ್ಕೆ ತಳ್ಳಿ, ಒಬ್ಬರಿಗೆ 3ರ ಬದಲು 2 ಹಕ್ಕಿ ಎಂದಿತು. ಅಲಬಾಮಾ ಕೂಡ ಅದೇ ವರ್ಷ ತಾರೀಖು ಮುಂದೂಡಿತು.

ಟೆನ್ನೆಸ್ಸಿಯವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಅವರು 2021 ಮತ್ತು 2022ರಲ್ಲಿ ದಕ್ಷಿಣ ಭಾಗದ ಕೆಲವು ಕೌಂಟಿಗಳಲ್ಲಿ ಮಾತ್ರ ಬೇಟೆಯನ್ನು ಎರಡು ವಾರ ತಡಮಾಡಿ, ಹತ್ತಿರದ ಕೌಂಟಿಗಳಲ್ಲಿ ಹಳೆಯ ತಾರೀಖನ್ನೇ ಉಳಿಸಿದರು. ಹೇಂಟೆಗಳಿಗೆ ರೇಡಿಯೊ ಸಾಧನ ಕಟ್ಟಿ ಗೂಡು, ಮೊಟ್ಟೆ, ಮರಿಗಳ ಲೆಕ್ಕ ಇಟ್ಟರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು: ಎರಡು ವಾರದ ಮುಂದೂಡಿಕೆಯಿಂದ ಗೂಡು ಕಟ್ಟುವ ದಿನವಾಗಲಿ, ಮೊಟ್ಟೆಯ ಸಂಖ್ಯೆಯಾಗಲಿ, ಮರಿ ಬದುಕುವ ಪ್ರಮಾಣವಾಗಲಿ ಸುಧಾರಿಸಿದ್ದು ಕಂಡುಬರಲಿಲ್ಲ. ಅಷ್ಟರಲ್ಲಿ 2023ರಿಂದ ಇಡೀ ರಾಜ್ಯದಲ್ಲಿ ಬೇಟೆಯನ್ನು ಏಪ್ರಿಲ್ ಮಧ್ಯಕ್ಕೆ ಮುಂದೂಡಿಯಾಗಿತ್ತು!

ಇದರಿಂದ ತಾರೀಖು ಲೆಕ್ಕಕ್ಕಿಲ್ಲ ಎಂದು ಯಾರೂ ತಿಳಿಯಬಾರದು. ಅದು ಎರಡು ವರ್ಷದ, ಒಂದು ಸೀಮೆಯ ಪರೀಕ್ಷೆ. ಹೇಂಟೆಯನ್ನು ಗುಂಡಿನಿಂದ ಕಾಪಾಡುವ ಹಳೆಯ ಕಾರಣ ಹಾಗೆಯೇ ಇದೆ. ಮರಿ ಕಡಿಮೆಯಾದದ್ದಕ್ಕೆ ತಾರೀಖೊಂದನ್ನೇ ದೂರಿದ್ದು ಮಾತ್ರ ಆತುರವಾಯಿತು ಎಂದು ನನ್ನ ಅನಿಸಿಕೆ. ನೆಲದ ಗೂಡಿಗೆ ರಕೂನ್, ಸ್ಕಂಕ್, ಹಾವು ಎಲ್ಲವೂ ವೈರಿಗಳೇ. ಹೆಚ್ಚಿನ ಗೂಡುಗಳು ಮರಿಯಾಗುವ ಮೊದಲೇ ಹಾಳಾಗುತ್ತವೆ. ಮೊಟ್ಟೆಯೊಡೆದ ಮರಿ ಮೊದಲ ಎರಡು ವಾರ ಮರವೇರಲಾರದೆ ರಾತ್ರಿ ತಾಯಿಯ ರೆಕ್ಕೆಯಡಿ ನೆಲದಲ್ಲೇ ಮಲಗಬೇಕು. ಅದಕ್ಕೆ ಪೊದೆ ಬೇಕು, ಹುಳು ಬೇಕು. ಬೇಟೆಯ ದಿನ ಬದಲಿಸಲು ಸಭೆಯಲ್ಲಿ ಒಂದು ಸಹಿ ಸಾಕು. ಸಾವಿರಾರು ಎಕರೆಯಲ್ಲಿ ಹುಲ್ಲು ಪೊದೆ ಬೆಳೆಸಲು ವರ್ಷಗಳು ಬೇಕು.

ಆ ಹುಡುಗನಿಗೆ ಇಷ್ಟನ್ನು ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಟೀಚರ್, ಆ ರಾಜ್ಯದವರು ಈಗ ತಾರೀಖನ್ನು ಮತ್ತೆ ಹಿಂದಕ್ಕೆ ತರಬೇಕಲ್ಲವೇ?” ಎಂದ. ತರಗತಿ ಎರಡು ಪಕ್ಷವಾಯಿತು, ಗಂಟೆ ಹೊಡೆದರೂ ವಾದ ಮುಗಿಯಲಿಲ್ಲ. ನೀವೂ ಆ ವಾದಕ್ಕೆ ಸೇರಬಹುದು.