ದಿನದ ಕೊನೆಯ ಅರ್ಧ ಗಂಟೆ

(ನಮ್ಮ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಂಬಳ, ರಜೆ, ಭತ್ಯೆಗಳ ವಿಷಯವಾಗಿ ಬೇಕಾದಷ್ಟು ಮಾತುಗಳಾಗಿವೆ, ಇನ್ನೂ ಆಗತಕ್ಕವು. ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯ ಮಲಗುವುದು. ಮಲಗುವುದಕ್ಕೂ ಭಾಷಣ ಬೇಕೆ ಎಂದು ಹಿಂದಿನ ಸಾಲಿನ ಮಿತ್ರರು ಪಿಸುಗುಟ್ಟುವುದು ಕೇಳಿಸುತ್ತಿದೆ. ನಮ್ಮ ಮಾತು ಕೇಳುತ್ತಲೇ ಯಾರಿಗಾದರೂ ತೂಕಡಿಕೆ ಬಂದರೆ ನಮಗೇನೂ ಬೇಸರವಿಲ್ಲ.

ಆದರೆ ನಾವು ಹೇಳಹೊರಟಿರುವುದು ನಿದ್ದೆಗೆ ಮೊದಲಿನ ಅರ್ಧ ಗಂಟೆಯ ಮಾತು. ಉಳಿದ ಹೊತ್ತೆಲ್ಲ ಯಜಮಾನರದು, ಗಿರಾಕಿಯದು, ಯಂತ್ರದ್ದು, ಲೋಕಲ್ ಗಾಡಿಯದು. ಆ ಅರ್ಧ ಗಂಟೆ ಮಾತ್ರ ನಮ್ಮದು.

ಊರಿನಲ್ಲಿ ಇದನ್ನು ಯಾರೂ ನಮಗೆ ಕಲಿಸಬೇಕಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು ಬರುವುದು, ಜಗಲಿಯಲ್ಲಿ ಕುಳಿತು ಮಗ್ಗಿಯನ್ನೂ ನಕ್ಷತ್ರಗಳ ಹೆಸರನ್ನೂ ಬಾಯಿಪಾಠ ಹೇಳುವುದು, ಊಟ, ಚಾಪೆ, ಅಜ್ಜಿಯ ಕತೆ. ಕತೆ ಮುಗಿಯುವುದನ್ನು ಕೇಳಿದವರು ನಮ್ಮಲ್ಲಿ ಕಡಿಮೆ.

ಮುಂಬಯಿಗೆ ಬಂದು ಹೊಟೇಲು ಸೇರಿದ ಹೊಸದರಲ್ಲಿ ಈ ಕ್ರಮವೆಲ್ಲ ತಪ್ಪಿತು. ರಾತ್ರಿ 11ಕ್ಕೆ ಶಟರು ಅರ್ಧ ಎಳೆದ ಮೇಲೆ ಪಾತ್ರೆ, ನೆಲ, ಮೇಜು ತೊಳೆದು, ಉಟ್ಟ ಬಟ್ಟೆಯಲ್ಲೇ ಎರಡು ಬೆಂಚು ಜೋಡಿಸಿ ಬೀಳುತ್ತಿದ್ದೆವು. ಬೆಳಗಿನ 4ಕ್ಕೆ ಹಾಲಿನವನು ಶಟರು ಬಡಿಯುತ್ತಿದ್ದನು. ಮೈ ಮಲಗಿದರೂ ಮನಸ್ಸು ಮಲಗುತ್ತಿರಲಿಲ್ಲ. ನಿದ್ದೆಯಲ್ಲಿಯೂ "ಎರಡು ಇಡ್ಲಿ, ಒಂದು ವಡೆ" ಎಂದು ಕೂಗುತ್ತಿದ್ದೆವು.

ಅಲ್ಲಿ ಅಡಿಗೆಯವರಲ್ಲಿ ಹಿರಿಯರೊಬ್ಬರಿದ್ದರು. ಎಷ್ಟೇ ತಡವಾಗಲಿ, ಒಲೆಯ ಮೇಲೆ ಉಳಿದ ಬಿಸಿನೀರಿಗೆ ತಣ್ಣೀರು ಬೆರೆಸಿ ಬಾಲ್ದಿಯಲ್ಲಿ ಕಾಲಿಟ್ಟು ಕುಳಿತುಕೊಳ್ಳುವರು. ಬಳಿಕ ಹಿಮ್ಮಡಿಯ ಒಡಕಿಗೆ ಎಣ್ಣೆ ಸವರಿ, ಒಗೆದ ಪಂಚೆ ಉಟ್ಟು, ಚಾಪೆ ಕೊಡವಿ ಹಾಸಿ, ಊರಿನ ಪತ್ರವನ್ನು ಇನ್ನೊಮ್ಮೆ ಓದಿ ದೀಪ ಆರಿಸುವರು. ಈ ಶಿಸ್ತನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು. ಅವರು ಹೇಳುತ್ತಿದ್ದುದು ಒಂದೇ ಮಾತು: "ಇಷ್ಟು ಮಾಡದೆ ಮಲಗಿದರೆ ಹೊಟೇಲೇ ನನ್ನ ಮೈಮೇಲೆ ಮಲಗಿದ ಹಾಗಾಗುತ್ತದೆ."

ಅವರು ಅನುಭವದಿಂದ ಕಂಡುಕೊಂಡುದನ್ನು ಇಂದು ವೈದ್ಯರೂ ಒಪ್ಪುತ್ತಾರೆ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಶಾಖ ಸ್ವಲ್ಪ ಇಳಿಯಬೇಕು. ಬೆಚ್ಚನೆಯ ನೀರಿಗೆ ಪಾದದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತದೆ. ರಾತ್ರಿಯ ಕೊನೆಯ ಚಹ ಇದಕ್ಕೆ ವೈರಿ. ಕುಡಿದು ನಾಲ್ಕೈದು ಗಂಟೆ ಕಳೆದರೂ ಅದರ ಕೆಫೀನಿನಲ್ಲಿ ಸುಮಾರು ಅರ್ಧ ಮೈಯಲ್ಲೇ ಉಳಿದಿರುತ್ತದೆ. ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಮೈಗೆ ರಾತ್ರಿಯಾಯಿತೆಂಬುದೇ ತಡವಾಗಿ ತಿಳಿಯುತ್ತದೆ.

ಗಿರಣಿಯ ಬಂಧುಗಳಿಗೆ ಇನ್ನೊಂದು ಪಾಠ ಗೊತ್ತು. ಪರೇಲ, ಲಾಲಬಾಗಗಳ ಚಾಳುಗಳಲ್ಲಿ ಒಂದೇ ಖೋಲಿಯಲ್ಲಿ ಹತ್ತು ಹದಿನೈದು ಮಂದಿ ಇರುತ್ತಿದ್ದ ಕಾಲದಲ್ಲಿ ಒಬ್ಬರು ಎದ್ದ ಚಾಪೆಯಲ್ಲಿ ಇನ್ನೊಬ್ಬರು ಮಲಗುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲೇ ರಾತ್ರಿ. ಅವರಿಗಾಗಿ ಕಿಟಕಿಗೆ ಹಳೆಯ ಸೀರೆ ಕಟ್ಟುತ್ತಿದ್ದರು. ಚಪ್ಪಲಿ ಹೊರಗೆ ಬಿಡುತ್ತಿದ್ದರು. ಪಾತ್ರೆಯನ್ನು ಸದ್ದಾಗದಂತೆ ಇಡುತ್ತಿದ್ದರು. ಒಬ್ಬರ ನಿದ್ದೆಗೆ ಖೋಲಿಯೇ ಕಾವಲು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಬಹುಪಾಲು ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾದ ಕೂಗು ನಿಂತಿತು. ಆದರೆ ಆ ಖೋಲಿಯ ಮರ್ಯಾದೆ ನಿಲ್ಲಬಾರದು.

ಬಂಧುಗಳೇ, ಈ ಅರ್ಧ ಗಂಟೆ ನಮಗೆ ಪುಕ್ಕಟೆಯಾಗಿ ಬಂದುದಲ್ಲ. ಈ ಊರಿನ ಗಿರಣಿಗಳಲ್ಲಿ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಬಟ್ಟೆ ಗಿರಣಿಗಳಲ್ಲಿ ದಿನದ ದುಡಿಮೆಯ ಮಿತಿ 1911ರ ಕಾಯಿದೆಯಲ್ಲಿ 12 ಗಂಟೆ, 1922ರಲ್ಲಿ 11, 1934ರಲ್ಲಿ 10, 1946ರಲ್ಲಿ 9. ನಮ್ಮ ಹಿರಿಯರು ಒಂದೊಂದೇ ಗಂಟೆಯನ್ನು ಮೂವತ್ತೈದು ವರ್ಷ ಕಾದು ಬಿಡಿಸಿಕೊಂಡರು. ಹಾಗೆ ಬಿಡಿಸಿಕೊಂಡ ಹೊತ್ತನ್ನು ನಾವೇ ನಮ್ಮ ಕೈಯಾರೆ ಅಂಗೈಯಗಲದ ಗಾಜಿಗೆ ಒಪ್ಪಿಸಿಬಿಡುವುದೆ?

ಆದುದರಿಂದ ಒಟ್ಟಾಗಿ ಖೋಲಿಗಳಲ್ಲಿ ವಾಸಿಸುವ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೆ. ಕೊನೆಯವರು ಬಂದು ಕಾಲು ತೊಳೆಯುವವರೆಗೆ ಒಂದು ಬಾಲ್ದಿ ನೀರು ಉಳಿಸಿರಿ. ಅನಂತರ ದೊಡ್ಡ ದೀಪ ಆರಿಸಿರಿ. ಮನೆಗೆ ಫೋನು ಮಾಡುವವರು ಮೊದಲೇ ಮಾಡಿ, ಮಕ್ಕಳ ದನಿ ಕೇಳಿ, ಆಮೇಲೆ ಫೋನನ್ನು ಗೋಡೆಯ ಗೂಡಿನಲ್ಲಿಡಿರಿ. ಓದು ಬಲ್ಲವರು ಒಂದು ಪುಟ ಓದಿ ಹೇಳಿರಿ. ಒಂದು ವಾರ ಮಾಡಿ ನೋಡಿರಿ. ಎಂಟನೆಯ ದಿನ ಚಾಪೆ ಹಾಸುವಾಗಲೇ ಮೈ ಹಗುರಾಗುವ ಸುಖ ನಿಮಗೆ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಮಾತು. "ನಮಗೆ ಆ ಅರ್ಧ ಗಂಟೆಯೇ ಉಳಿಯುವುದಿಲ್ಲ, ಹದಿನಾಲ್ಕು ಗಂಟೆ ದುಡಿದು ಬಿದ್ದಲ್ಲೇ ನಿದ್ದೆ" ಎನ್ನುವ ತಮ್ಮಂದಿರು ಈ ಸಭೆಯಲ್ಲಿ ಇದ್ದೇ ಇದ್ದಾರೆ. ಅವರಿಗೆ ಅಭ್ಯಾಸದ ಉಪದೇಶ ಮಾಡಿದರೆ ನಮ್ಮ ನಾಲಿಗೆಗೇ ನಾಚಿಕೆ. ಅವರ ಮಾತು ಸಂಘದ ಕೆಲಸ. ಅವರು ನಾಳೆಯೇ ಬಂದು ಹೆಸರು ಹೇಳಲಿ. ನಾವು ಹೋಗಿ ಕೇಳುತ್ತೇವೆ. ಅವರಿಗೂ ಆ ಅರ್ಧ ಗಂಟೆ ದೊರೆಯುವ ತನಕ ನಮ್ಮ ಚಾಪೆಯ ಸುಖ ಅರ್ಧವೇ.

ಹೊತ್ತಾಯಿತು. ಎಲ್ಲರೂ ಸುಖವಾಗಿ ಮನೆ ಸೇರಿರಿ. ಕಾಲು ತೊಳೆಯುವುದನ್ನು ಮರೆಯಬೇಡಿರಿ.