ಮಕ್ಕಳ ಸೊಂಟದ ಅಳತೆ ಮತ್ತು ಹೃದಯದ ಆರೋಗ್ಯ

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಮಗುವಿನ ಶಾಲಾ ಆರೋಗ್ಯ ಕಾರ್ಡನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಎತ್ತರವಿದೆ, ತೂಕವಿದೆ. ತೂಕ ಹೆಚ್ಚಿಲ್ಲವೆಂದರೆ ನಾವು ನಿಶ್ಚಿಂತರಾಗುತ್ತೇವೆ. ತೆಳ್ಳಗಿರುವ ಮಗುವಿಗಂತೂ ‘ಇನ್ನೊಂದು ಪರೋಟ ತಿನ್ನು ಬೇಟಾ’ ಎಂದು ಒತ್ತಾಯಿಸುವುದು ನಮ್ಮ ಮನೆಗಳ ಪ್ರೀತಿಯ ರೀತಿ. ಆದರೆ ನಮ್ಮ ಜನರ ವಿಷಯದಲ್ಲಿ ತೂಕವೊಂದನ್ನೇ ನಂಬುವಂತಿಲ್ಲ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯುಡ್ಕಿನ್. ಇಬ್ಬರ ಬಿ.ಎಂ.ಐ. 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2! ತಕ್ಕಡಿ ಇಬ್ಬರನ್ನೂ ಸಮಾನರೆಂದಿತ್ತು.

ಇದರ ಬೇರು ಹುಟ್ಟಿಗೂ ಮುಂಚಿನದು. ಅದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಜನ ಹೇಳುವ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಹಳೆಯ ದಫ್ತರಗಳನ್ನು ಹಿಡಿದು ಸಂಶೋಧಕರು ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ಮುಂದೆ ಅದೇ ಆಸ್ಪತ್ರೆಯ ಶಿಶುಗಳನ್ನು ಅಳೆದಾಗ, ಅವು ಬ್ರಿಟನ್ನಿನ ಶಿಶುಗಳಿಗಿಂತ ಸಣ್ಣವಾಗಿದ್ದರೂ ಭುಜದ ಮೂಳೆಯ ಕೆಳಗಿನ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ. ಕೈಕಾಲು ಬಡಕಲು, ನಡುವಿನಲ್ಲಿ ಕೊಬ್ಬು. ಗರ್ಭಿಣಿಯ ಊಟ ಮೊಮ್ಮಕ್ಕಳ ಕಾಲದವರೆಗೂ ಲೆಕ್ಕಕ್ಕೆ ಬರುತ್ತದೆ ಎಂಬುದು ಬೇರೆಯೇ ಭಾಷಣಕ್ಕೆ ಬಿಡಬೇಕಾದ ವಿಷಯ.

ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೂಡುವ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಇನ್ಸುಲಿನ್‌ನ ಕೆಲಸ ಕುಂದುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ನೋವಿಲ್ಲದ ಕಾರಣ ಹದಿನೈದು ವರ್ಷದ ಹುಡುಗನಿಗೆ ಇದು ತಿಳಿಯುವುದೇ ಇಲ್ಲ.

ಹಾಗಾದರೆ ಏನು ಅಳೆಯಬೇಕು? ದರ್ಜಿಯ ಟೇಪು ಸಾಕು. ಪ್ಯಾಂಟು ಕಟ್ಟುವ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಿಗಿಯದೆ ಅಳೆಯಿರಿ. ಬಂದ ಸಂಖ್ಯೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. 150 ಸೆಂ.ಮೀ. ಎತ್ತರದ ಮಗುವಿಗೆ 75ರ ಒಳಗೆ. ಐದು ವರ್ಷ ದಾಟಿದ ಗಂಡು ಹೆಣ್ಣು ಎಲ್ಲರಿಗೂ ಒಂದೇ ಲೆಕ್ಕ, ಕೋಷ್ಟಕ ಬೇಕಿಲ್ಲ. ದಾಟಿದ್ದರೆ ಅದೇ ರೋಗವೆಂದಲ್ಲ. ವೈದ್ಯರಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕೆಂದು ಅರ್ಥ. ಇನ್ನೊಂದು ಗುರುತು ಕುತ್ತಿಗೆಯ ಹಿಂಭಾಗದ್ದು. ಅಲ್ಲಿ ಚರ್ಮ ಕಪ್ಪಾಗಿ ದಪ್ಪವಾದರೆ ಕೊಳೆಯೆಂದು ಕಡಲೆಹಿಟ್ಟು ಹಚ್ಚಿ ಉಜ್ಜುವ ತಾಯಂದಿರಿದ್ದಾರೆ. ಅನೇಕ ವೇಳೆ ಅದು ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಲಕ್ಷಣ, ಉಜ್ಜಿದರೆ ಹೋಗದು.

ಊಟದ ವಿಷಯ ನಿಮಗೆ ತಿಳಿದದ್ದೇ. ಹೊಟ್ಟೆಯಲ್ಲಿ ಉಸಿರಿಗೂ ಒಂದು ಪಾಲು ಜಾಗ ಬಿಡಬೇಕೆಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ಇಫ್ತಾರಿನ ಸಮೋಸದ ತಟ್ಟೆಯ ಮುಂದೆ ನೆನೆದರೆ ಸಾಕು. ನನಗೆ ಹೆಚ್ಚು ಚಿಂತೆ ಆಟದ್ದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತನೇ ತರಗತಿ ಬಂತೆಂದರೆ ಪಿ.ಟಿ. ಅವಧಿ ಗಣಿತಕ್ಕೆ ಹೋಗುತ್ತದೆ. ಹುಡುಗಿಯರ ಆಟ ಅದಕ್ಕೂ ಮುಂಚೆ, ಏಳನೆಯದಕ್ಕೇ ನಿಲ್ಲುತ್ತದೆ. ಮೈದಾನ ಬೇಡವೆಂದರೆ ಬೇಡ. ಗೋಡೆಯೊಳಗಿನ ಅಂಗಳದಲ್ಲಿ ಥ್ರೋಬಾಲ್, ಹಗ್ಗದಾಟ ಆಗದೇ? ಪರದೆಗೂ ಕುಳಿತೇ ಇರುವುದಕ್ಕೂ ಸಂಬಂಧವಿಲ್ಲ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ: ಆರೋಗ್ಯ ಕಾರ್ಡಿನಲ್ಲಿ ಸೊಂಟದ ಅಳತೆಗೆ ಒಂದು ಅಂಕಣ ಸೇರಿಸೋಣ. ಹುಡುಗಿಯರನ್ನು ಶಿಕ್ಷಕಿಯರೇ ಪ್ರತ್ಯೇಕ ಕೋಣೆಯಲ್ಲಿ ಅಳೆಯಲಿ. ಸಂಖ್ಯೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಬೇಡ. ‘ಡುಮ್ಮಿ’ ಎಂಬ ಒಂದು ಹೆಸರು ಬಿದ್ದರೆ ಆ ಮಗು ಮರುವರ್ಷ ಟೇಪಿನ ಹತ್ತಿರ ಬರುವುದಿಲ್ಲ. ಕಾರ್ಡನ್ನು ಲಕೋಟೆಯಲ್ಲಿಟ್ಟು ಪಾಲಕರ ಕೈಗೇ ಕೊಡೋಣ.