ವಾಂತಿಭೇದಿಯಾದ ಮಗು ಚೇತರಿಸಿಕೊಳ್ಳುತ್ತಿರುವುದನ್ನು ಗುರುತಿಸುವ ಬಗೆ
(ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರುಳಿನ ಉರಿಯೂತದಿಂದ ವಾಂತಿಭೇದಿಗೆ ತುತ್ತಾದ ಮಗುವಿನ ಮನೆಗೆ ಮರುದಿನ ಭೇಟಿ ನೀಡಿದಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಭೇದಿ ನಿಂತಿತೇ?’ ಎಂಬುದು. ಪ್ರಶ್ನೆ ಸಹಜವಾದುದೇ, ಆದರೆ ಅದೊಂದರಿಂದಲೇ ಮಗುವಿನ ಸ್ಥಿತಿ ತಿಳಿಯದು. ವಾಂತಿ ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ನಿಲ್ಲುತ್ತದೆ. ಭೇದಿಯಾದರೋ 5ರಿಂದ 7 ದಿನಗಳವರೆಗೆ, ಮಗು ಗುಣಮುಖವಾಗುತ್ತಿರುವಾಗಲೂ, ಮುಂದುವರಿಯಬಹುದು. ಇದನ್ನರಿಯದ ಮನೆಯವರು ಎರಡನೆಯ ದಿನವೇ ಔಷಧದಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತರುವುದುಂಟು. ಚಿಕ್ಕ ಮಕ್ಕಳಿಗೆ ಅದನ್ನು ಕೊಡಲೇಬಾರದು. ಅದು ಕರುಳಿನ ಚಲನೆಯನ್ನು ತಡೆಯುತ್ತದೆಯೇ ಹೊರತು ದೇಹ ಕಳೆದುಕೊಂಡ ನೀರನ್ನೂ ಲವಣಗಳನ್ನೂ ಮರಳಿಸುವುದಿಲ್ಲ. ಭೇದಿ ನಿಂತು, ಹೊಟ್ಟೆ ಉಬ್ಬರಿಸಿ, ಮಗು ಮಂಕಾಗಿ ಮಲಗಿದ್ದರೆ ಅದು ಗುಣದ ಲಕ್ಷಣವಲ್ಲ, ಅಪಾಯದ ಲಕ್ಷಣ.

ಮೊದಲು ವಿಚಾರಿಸಬೇಕಾದುದು ಮೂತ್ರದ ವಿಷಯ. ಕಳೆದ ಆರು ಗಂಟೆಗಳಲ್ಲಿ ಮಗು ಮೂತ್ರ ಮಾಡಿದೆಯೇ? ಅದರ ಬಣ್ಣ ತಿಳಿಯಾಗಿದೆಯೇ? ಹೌದೆಂದಾದರೆ ದೇಹಕ್ಕೆ ನೀರು ದಕ್ಕುತ್ತಿದೆ ಎಂದು ತಿಳಿಯಬಹುದು. ಎಳೆಯ ಕೂಸುಗಳಲ್ಲಿ ಮೂತ್ರವು ನೀರುಭೇದಿಯೊಡನೆ ಬೆರೆತು ತಾಯಿಗೂ ತಿಳಿಯದೆ ಹೋಗುತ್ತದೆ. ಆಗ ಮುಖವನ್ನು ನೋಡಬೇಕು: ಗುಳಿಬಿದ್ದ ಕಣ್ಣುಗಳು ತುಂಬಿಕೊಂಡಿವೆಯೇ, ನಾಲಿಗೆ ತೇವವಾಗಿದೆಯೇ, ಕುಗ್ಗಿದ್ದ ನೆತ್ತಿ ಸಮವಾಗಿದೆಯೇ ಎಂದು. ಹೊಟ್ಟೆಯ ಚರ್ಮವನ್ನು ಮೆಲ್ಲನೆ ಹಿಡಿದೆತ್ತಿ ಬಿಟ್ಟರೆ ಒಡನೆಯೇ ಮೊದಲಿನಂತಾಗಬೇಕು.

ಬಾಯಾರಿಕೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಲೋಟವನ್ನು ಕಸಿದುಕೊಂಡು ಕುಡಿಯುತ್ತಿದ್ದ ಮಗು ಸಮಾಧಾನದಿಂದ ಕುಡಿದು ಆಟಕ್ಕೆ ತೊಡಗಿದರೆ ಅದು ಚೇತರಿಕೆ. ಕುಡಿಯಲಾರದೆ, ಕರೆದರೂ ಓಗೊಡದೆ ತೂಕಡಿಸುತ್ತಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಮಲದಲ್ಲಿ ರಕ್ತ ಕಂಡರೂ, ಕುಡಿದುದೆಲ್ಲ ವಾಂತಿಯಾಗುತ್ತಿದ್ದರೂ ಆಸ್ಪತ್ರೆಗೆ ಕಳುಹಿಸಲು ತಡಮಾಡಬಾರದು.

ಗೆಲುವಾದ ಮಗುವಿಗೂ ಭೇದಿ ನಿಲ್ಲುವವರೆಗೆ ಓಆರ್‌ಎಸ್ ಮುಂದುವರಿಯಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲೇ ಕರಗಿಸಬೇಕು. ಅಂದಾಜಿನಲ್ಲಿ ಚಿಟಿಕೆ ಚಿಟಿಕೆ ಬೆರೆಸಿದರೆ ಲವಣದ ಪ್ರಮಾಣ ಕೆಡುತ್ತದೆ. ಕರಗಿಸಿದ್ದನ್ನು 24 ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಮತ್ತೆ ಕೊಡಬೇಕು.

ಎದೆಹಾಲನ್ನು ಯಾವ ಹಂತದಲ್ಲಿಯೂ ನಿಲ್ಲಿಸುವಂತಿಲ್ಲ. ಊಟ ಆರಂಭಿಸಿರುವ ಮಗುವಿಗೆ ಮೆತ್ತನೆಯ ಅನ್ನ ಮೊಸರು, ರಾಗಿ ಅಂಬಲಿ, ಬಾಳೆಹಣ್ಣು ಕೊಡಬಹುದು. ಹಸಿವು ಮರಳುವುದೂ ಒಂದು ಒಳ್ಳೆಯ ಗುರುತೇ. ಆಗ ಎರಡು ವಾರಗಳ ಕಾಲ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ಕೂಡಿಕೊಳ್ಳುತ್ತದೆ.

ಹೆಚ್ಚಾಗಿ ಅರ್ಧಕ್ಕೇ ನಿಲ್ಲುವುದು ಜಿಂಕ್ ಮಾತ್ರೆ. 2ರಿಂದ 6 ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ 20 ಮಿಲಿಗ್ರಾಂನಂತೆ ಒಟ್ಟು 14 ದಿನ ಕೊಡಬೇಕು. ಮೂರನೆಯ ದಿನ ಮಗು ಗೆಲುವಾದೊಡನೆ ಉಳಿದ ಮಾತ್ರೆಗಳು ಗೋಡೆಯ ಗೂಡು ಸೇರುತ್ತವೆ. ಎರಡನೆಯ ವಾರದ ಭೇಟಿಯಲ್ಲಿ ಆ ಮಾತ್ರೆಗಳನ್ನು ತರಿಸಿ ಎಣಿಸಬೇಕು. 14 ದಿನ ಕಳೆದರೂ ಭೇದಿ ನಿಲ್ಲದಿದ್ದರೆ ಮಗುವನ್ನು ವೈದ್ಯರಲ್ಲಿಗೆ ಕಳುಹಿಸಬೇಕು.